ಖಾತೆ ಹ್ಯಾಕ್ ಆದರೆ ತಪ್ಪು ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಸಾಫ್ಟ್‌ವೇರ್ ಕೆಲಸದವನು ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಪಕ್ಕದವರು ಎಡಗೈಯಲ್ಲಿ ಫೋನ್ ತೆಗೆದು ತೋರಿಸುತ್ತಾರೆ. ‘ಇದೊಂಚೂರು ನೋಡಿ ಸಾರ್.’ ಹಾಗೆ ಕೇಳಿದವು, ಪತ್ರದಲ್ಲಿ ಬಂದವು, ವಾಟ್ಸ್ಆಪ್‌ನಲ್ಲಿ ಉದ್ದುದ್ದ ವಾಯ್ಸ್ ಮೆಸೇಜ್ ಆಗಿ ಬಂದವು, ಎಲ್ಲ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

### ಶುರುವಿನ ಪ್ರಶ್ನೆಗಳು

ಸುತ್ತಿ ಬಳಸದೆ ಹೇಳಿ. ಖಾತೆ ಹ್ಯಾಕ್ ಆದರೆ ತಪ್ಪು ನಂದಾ, ಕಂಪನಿದಾ?

ಇಬ್ಬರಿಗೂ ಪಾಲಿದೆ, ಆದರೆ ಸಮಪಾಲು ಅಂತ ನನಗೆ ಅನಿಸಿಲ್ಲ. ಬೀಗ ಹಾಕೋದು, ಬೀಗದಕೈ ಜೋಪಾನವಾಗಿ ಇಟ್ಟುಕೊಳ್ಳೋದು ನಿಮ್ಮ ಕೆಲಸ. ಬೀಗ ಎಂಥದ್ದು, ಬಾಗಿಲು ಎಷ್ಟು ಗಟ್ಟಿ ಅನ್ನೋದು ಕಂಪನಿ ಕೈಯಲ್ಲಿದೆ. ಯಾರೋ ಒಬ್ಬ ರಾತ್ರಿಯಿಡೀ ನಿಂತು ಸಾವಿರ ಬೀಗದಕೈ ಹಾಕಿ ನೋಡ್ತಿದ್ದರೆ ಕಾವಲುಗಾರ ಎದ್ದು ಬರಬೇಕಾ ಬೇಡವಾ ಅನ್ನೋದೂ ಅವರದೇ ತೀರ್ಮಾನ. ಅಲ್ಲಿ ನಿಮ್ಮನ್ನು ಯಾರೂ ಕೇಳೋದಿಲ್ಲ. ಬದಲಾಯಿಸೋ ಅಧಿಕಾರ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ. ಇದು ನನ್ನ ಲೆಕ್ಕ. ಕಂಪನಿಯವರ ಲೆಕ್ಕ ಸ್ವಲ್ಪ ಬೇರೆ ಇರುತ್ತದೆ.

ನನ್ನ ಖಾತೇಲಿ ಏನಿದೆ ಅಂತ ಕದೀತಾರೆ? ಇರೋದು ನಾಲ್ಕು ಫೋಟೋ.

ಆ ನಾಲ್ಕು ಫೋಟೋ ಅವರಿಗೆ ಬೇಕಿಲ್ಲ. ಬೇಕಿರೋದು ನಿಮ್ಮ ಹೆಸರು, ನಿಮ್ಮ ಮೇಲೆ ಜನಕ್ಕಿರೋ ನಂಬಿಕೆ. ನಿಮ್ಮ ಖಾತೆಯಿಂದ ನಿಮ್ಮ ಷಡ್ಡಕನಿಗೆ ‘ಅರ್ಜೆಂಟ್ ಹತ್ತು ಸಾವಿರ ಬೇಕಿತ್ತು’ ಅಂತ ಹೋದರೆ ಅವರು ಯೋಚಿಸದೆ ಕಳಿಸುತ್ತಾರೆ. ಇನ್ನು ಇಮೇಲ್ ಖಾತೆ ಅಂದರೆ ಮನೆಯ ಹೆಬ್ಬಾಗಿಲು. ಅದೊಂದು ಸಿಕ್ಕರೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಅಂತ ಒತ್ತಿ ಒತ್ತಿ ಉಳಿದ ಕೋಣೆಗಳನ್ನೆಲ್ಲ ತೆಗೆಯಬಹುದು.

ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ದೀನಿ. ನೆನಪಿರಬೇಕಲ್ವಾ?

ಇದು ನಿಜಕ್ಕೂ ನಿಮ್ಮ ಪಾಲಿನ ಕೆಲಸ, ಅದಕ್ಕೇ ಸ್ವಲ್ಪ ಖಾರವಾಗಿ ಹೇಳುತ್ತೇನೆ. ಐದು ವರ್ಷದ ಹಿಂದೆ ಯಾವುದೋ ಕೂಪನ್ ಸೈಟಿನಲ್ಲಿ ಮನೆದೇವರ ಹೆಸರು ಹಾಕಿ ಕೊನೆಗೊಂದು 123 ಸೇರಿಸಿದ್ದಿರಿ. ಆ ಸೈಟ್ ಮುಚ್ಚಿಹೋಯಿತು, ಪಾಸ್‌ವರ್ಡ್ ಪಟ್ಟಿ ಮಾತ್ರ ಸೋರಿ ಊರೆಲ್ಲ ಓಡಾಡ್ತಿದೆ. ಕಳ್ಳರು ಆ ಬೀಗದಕೈ ಗೊಂಚಲನ್ನು ಬೇರೆ ಬೇರೆ ಸೈಟಿನ ಬಾಗಿಲಿಗೆ ಹಾಕಿ ನೋಡುತ್ತಾರೆ. ಕೈಯಲ್ಲಿ ಮಾಡೋದಲ್ಲ, ಪ್ರೋಗ್ರಾಂ ಬಿಟ್ಟು ಮಾಡೋದು.

ಎಲ್ಲವನ್ನೂ ನೆನಪಿಟ್ಟುಕೊಳ್ಳಿ ಅಂತ ನಾನು ಹೇಳೋದಿಲ್ಲ. ಅದು ಮನುಷ್ಯರಿಗೆ ಆಗದ ಕೆಲಸ. ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಳ್ಳಿ, ಅಂದರೆ ಎಲ್ಲ ಪಾಸ್‌ವರ್ಡುಗಳನ್ನೂ ನಿಮ್ಮ ಪರವಾಗಿ ಬೀಗ ಹಾಕಿ ನೆನಪಿಟ್ಟುಕೊಳ್ಳೋ ಆಪ್. ಬೇಡ ಅಂದರೆ ಇಮೇಲ್ ಮತ್ತು ಬ್ಯಾಂಕ್, ಈ ಎರಡಕ್ಕಾದರೂ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಡಿ.

ನಮ್ಮಪ್ಪ ಪಾಸ್‌ವರ್ಡೆಲ್ಲ ಡೈರೀಲಿ ಬರೆದಿಡ್ತಾರೆ. ಬೈದು ಬೈದು ಸಾಕಾಯ್ತು.

ಬೈಬೇಡಿ. ಮನೆ ಬೀರುವಿನಲ್ಲಿರೋ ಡೈರಿಯನ್ನು ಎಲ್ಲೋ ದೂರದಲ್ಲಿ ಕೂತ ಕಳ್ಳ ಓದಲಾರ. ಎಟಿಎಂ ಪಿನ್ ಚೀಟಿಯನ್ನು ಕಾರ್ಡಿನ ಜೊತೆಗೇ ಪರ್ಸಿನಲ್ಲಿ ಇಟ್ಟುಕೊಂಡಿದ್ದರೆ ಮಾತ್ರ ಬೈಯಿರಿ.

ಆಫೀಸಲ್ಲಿ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸು ಅಂತಾರೆ. ಲಾಭ ಇದೆಯಾ?

ಬಹುಪಾಲು ಇಲ್ಲ. ದೊಡ್ಡಕ್ಷರ ಒಂದು, ಅಂಕಿ ಒಂದು, ಚಿಹ್ನೆ ಒಂದು, ಆಗಾಗ ಬದಲಾವಣೆ ಅನ್ನೋ ಪದ್ಧತಿ ಬೆಳೆದದ್ದು ಮಾನದಂಡ ರೂಪಿಸೋ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯ 2003ರ ಮಾರ್ಗಸೂಚಿಯಿಂದ. ಅದನ್ನು ಬರೆದ ಬಿಲ್ ಬರ್ ನಿವೃತ್ತರಾದ ಮೇಲೆ, 2017ರಲ್ಲಿ, ಅದರ ಬಗ್ಗೆ ಪಶ್ಚಾತ್ತಾಪ ಇದೆ ಅಂತ ಒಪ್ಪಿಕೊಂಡರು. ಅದೇ ವರ್ಷ ಸಂಸ್ಥೆಯೂ ನಿಯಮ ಬದಲಿಸಿತು. ಸೋರಿದ ಸುಳಿವು ಇದ್ದರೆ ಮಾತ್ರ ಬದಲಿಸಿ, ಚಿಹ್ನೆಗಿಂತ ಉದ್ದ ಮುಖ್ಯ, ಹೊಸ ಪಾಸ್‌ವರ್ಡನ್ನು ಈಗಾಗಲೇ ಸೋರಿದವುಗಳ ಪಟ್ಟಿಗೆ ಹೋಲಿಸಿ ನೋಡಿ ಅಂತ. ಈ ಕೊನೆಯ ಕೆಲಸ ಕಂಪನಿಯದು. ಆದರೂ ನಮ್ಮ ಆಫೀಸುಗಳಲ್ಲಿ ಹಳೇ ಜಾಗಟೆಯೇ ಬಾರಿಸುತ್ತಿದೆ. ಜನ ಏನು ಮಾಡುತ್ತಾರೆ? ಕೊನೆಯ 1 ತೆಗೆದು 2 ಹಾಕುತ್ತಾರೆ. ನಾನೂ ಅದನ್ನೇ ಮಾಡಿದ್ದೇನೆ, 17ರವರೆಗೂ ಹೋಗಿತ್ತು.

ಇಷ್ಟು ಓದಿಯೂ ಮೋಸ ಹೋದೆ. ಯಾರ ಹತ್ರಾನೂ ಹೇಳ್ಕೊಳೋಕೆ ನಾಚಿಕೆ.

ಟ್ರಾಯ್ ಹಂಟ್ ಅಂತ ಒಬ್ಬರಿದ್ದಾರೆ. ನಿಮ್ಮ ಇಮೇಲ್ ಎಲ್ಲಾದರೂ ಸೋರಿದೆಯಾ ಅಂತ ನೋಡೋ ‘ಹ್ಯಾವ್ ಐ ಬೀನ್ ಪೋನ್ಡ್’ ಸೇವೆಯನ್ನು 2013ರಲ್ಲಿ ಶುರು ಮಾಡಿದವರು. ಜಗತ್ತಿಗೇ ಈ ಪಾಠ ಹೇಳೋ ಮನುಷ್ಯ 2025ರ ಮಾರ್ಚ್‌ನಲ್ಲಿ ವಿಮಾನ ಪ್ರಯಾಣದ ಸುಸ್ತಿನಲ್ಲಿ ನಕಲಿ ಮೇಲ್ ಒಂದನ್ನು ನಂಬಿದರು. ಪಾಸ್‌ವರ್ಡ್ ಹಾಕಿದರು, ಓಟಿಪಿಯನ್ನೂ ಹಾಕಿದರು. ಅವರ ಪತ್ರ ತರಿಸಿಕೊಳ್ಳುವ ಸುಮಾರು 16,000 ಜನರ ಪಟ್ಟಿ ಹೋಯಿತು. ಮುಚ್ಚಿಡದೆ ಅವತ್ತೇ ಬರೆದು ಹಾಕಿದರು.

2020ರ ಜುಲೈನಲ್ಲಿ ಟ್ವಿಟರ್ ನೌಕರರಿಗೆ ಫೋನಿನಲ್ಲೇ ಮಾತಾಡಿ ಯಾಮಾರಿಸಿ, ಒಬಾಮ, ಬೈಡನ್, ಮಸ್ಕ್ ಖಾತೆಗಳಿಂದ ಬಿಟ್‌ಕಾಯಿನ್ ಕೇಳಿದ್ದರು. ಅದರಲ್ಲಿ ಮುಖ್ಯ ಆರೋಪಿ ಫ್ಲೋರಿಡಾದ 17 ವರ್ಷದ ಹುಡುಗ. ಕಳ್ಳರು ಬಂದದ್ದು ಕಂಪನಿಯ ಒಳಬಾಗಿಲಿನಿಂದ, ಹಾಗಾಗಿ ಒಬಾಮ ಪಾಸ್‌ವರ್ಡ್ ಎಷ್ಟು ಉದ್ದ ಇಟ್ಟಿದ್ದರೂ ಅವತ್ತು ಉಪಯೋಗಕ್ಕೆ ಬರುತ್ತಿರಲಿಲ್ಲ. ನಾಚಿಕೆ ಪಡುತ್ತಾ ಕೂತರೆ ಅಷ್ಟು ಹೊತ್ತು ಕಳ್ಳನಿಗೆ ಲಾಭ.

### ದುಡ್ಡಿನ ಪ್ರಶ್ನೆಗಳು

ನಾನು ಯಾರಿಗೂ ಓಟಿಪಿ ಕೊಟ್ಟಿಲ್ಲ. ಆದ್ರೂ ಬ್ಯಾಂಕ್‌ನೋರು ‘ನಿಮ್ಮದೇ ತಪ್ಪು’ ಅಂತಿದ್ದಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಗಂದವರನ್ನು ಒಂದೇ ಮಾತು ಕೇಳಿ: ‘ಸಾಬೀತು ಮಾಡಿ.’

2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ಗ್ರಾಹಕರ ತಪ್ಪು ಅಂತ ಸಾಬೀತು ಮಾಡೋ ಹೊರೆಯನ್ನು ಬ್ಯಾಂಕಿನ ಮೇಲೇ ಹಾಕಿದೆ. ಬ್ಯಾಂಕಿನ ಕಡೆ ಲೋಪ ಇದ್ದರೆ ನಿಮ್ಮ ನಷ್ಟ ಸೊನ್ನೆ. ಲೋಪ ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅಂದರೆ ದಿನದ ಲೆಕ್ಕ ಬರುತ್ತದೆ. ಬ್ಯಾಂಕಿನಿಂದ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಸೊನ್ನೆ. 4ರಿಂದ 7 ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಗೆ ನಿಮ್ಮ ತಲೆಗೆ ಬರೋದು ಹೆಚ್ಚೆಂದರೆ 10,000 ರೂಪಾಯಿ. ಅದು ದಾಟಿದರೆ ಆಯಾ ಬ್ಯಾಂಕಿನ ನೀತಿ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ, ರಜಾ ದಿನಗಳೂ ಇಲ್ಲ. ತಿಳಿಸಿದ 10 ಕೆಲಸದ ದಿನಗಳಲ್ಲಿ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದಲ್ಲಿ ದೂರು ಮುಗಿಸಬೇಕು.

ಇದು ಬರೀ ಕಾಗದದ ಮಾತಲ್ಲ. ಅಸ್ಸಾಮಿನ ಒಬ್ಬ ಗ್ರಾಹಕರು ಆನ್‌ಲೈನಲ್ಲಿ ಕೊಂಡ ಬಟ್ಟೆ ವಾಪಸ್ ಮಾಡಲು ಹೊರಟಿದ್ದರು. ಕಸ್ಟಮರ್ ಕೇರ್ ಅಂತ ಫೋನ್ ಮಾಡಿದವನು ಒಂದು ಆಪ್ ಹಾಕಿಸಿದ. 94,204 ರೂಪಾಯಿ ಹೋಯಿತು. ಅವರು ತಡ ಮಾಡದೆ ದೂರು ಕೊಟ್ಟಿದ್ದರು. ಗುವಾಹಟಿ ಹೈಕೋರ್ಟ್ ಅವರ ಬ್ಯಾಂಕಾದ ಎಸ್‌ಬಿಐಗೆ ಹಣ ವಾಪಸ್ ಕೊಡಿ ಅಂದಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಸ್‌ಬಿಐ ಮೇಲ್ಮನವಿಯನ್ನು ತಳ್ಳಿಹಾಕಿತು. ಇಂಥ ವಹಿವಾಟು ಪತ್ತೆ ಹಚ್ಚೋ ತಂತ್ರಜ್ಞಾನ ಬ್ಯಾಂಕಿನ ಬಳಿ ಇರಬೇಕಲ್ವಾ ಅನ್ನೋದು ಕೋರ್ಟಿನ ಧಾಟಿ. ಗ್ರಾಹಕರೂ ಓಟಿಪಿ ಹಂಚಬಾರದು ಅಂತ ಅದೇ ಉಸಿರಿನಲ್ಲಿ ಹೇಳಿದೆ ಅನ್ನೋದನ್ನೂ ಮರೆಯಬೇಡಿ.

ನಾನೇ ಓಟಿಪಿ ಹೇಳಿಬಿಟ್ಟೆ. ಮುಗೀತಾ ಕಥೆ?

ಅರ್ಧ ಮುಗಿದಿದೆ. ಅದೇ ಸುತ್ತೋಲೆ ಪ್ರಕಾರ, ನೀವೇ ಗುಟ್ಟು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅಂದರೆ ನೀವು ‘ಅಯ್ಯೋ’ ಅಂತ ತಲೆ ಮೇಲೆ ಕೈ ಹೊತ್ತು ಕೂತ ಅರ್ಧ ಗಂಟೆಗೂ ಬೆಲೆ ಇದೆ.

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕದ್ದ ದುಡ್ಡು ಒಂದು ಖಾತೆಯಲ್ಲಿ ನಿಲ್ಲೋದಿಲ್ಲ. ಬಾಡಿಗೆಗೆ ತಗೊಂಡ ಹತ್ತಾರು ಖಾತೆಗಳ ಮೂಲಕ ಹರಿದು ಕೊನೆಗೆ ಎಲ್ಲೋ ಎಟಿಎಂನಲ್ಲಿ ನೋಟಾಗಿ ಹೊರಬರುತ್ತದೆ. ಆ ದಾರಿಯಲ್ಲಿ ಎಲ್ಲಾದರೂ ತಡೆಹಿಡಿದರೆ ಸಿಗುತ್ತದೆ, ನೋಟಾದ ಮೇಲೆ ಸಿಗೋದು ಕಷ್ಟ. ಬ್ಯಾಂಕಿಗೆ ಫೋನ್ ಮಾಡಿ, ದೂರಿನ ನಂಬರ್ ಬರೆದುಕೊಳ್ಳಿ, ಸಮಯವನ್ನೂ ಬರೆದುಕೊಳ್ಳಿ. ಜೊತೆಗೆ ಇಮೇಲೂ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ನಾಳೆ ನಿಮ್ಮ ಕೈಯಲ್ಲಿ ಸಾಕ್ಷಿ ಇರೋದಿಲ್ಲ.

ಯುಪಿಐ ಪಿನ್ ನಾನೇ ಒತ್ತಿದ್ದು. ಅದಕ್ಕೂ ಆರ್‌ಬಿಐ ನಿಯಮ ಇದೆಯಾ?

2017ರ ಸುತ್ತೋಲೆ ಇರೋದು ನಿಮ್ಮ ಒಪ್ಪಿಗೆ ಇಲ್ಲದೆ ಆದ ವಹಿವಾಟಿಗೆ. ಯಾರೋ ನಂಬಿಸಿ ನಿಮ್ಮ ಕೈಯಿಂದಲೇ ಕಳಿಸಿಕೊಂಡರೆ ‘ನೀವೇ ಕಳಿಸಿದ್ದೀರಲ್ಲ’ ಅನ್ನೋ ಗೋಡೆ ಎದುರಾಗುತ್ತದೆ.

ಬ್ರಿಟನ್ನಿನಲ್ಲಿ ಇದನ್ನು ಬೇರೆ ಥರ ನೋಡಿದರು. 2024ರ ಅಕ್ಟೋಬರ್ 7ರಿಂದ ಅಲ್ಲಿ ಹೀಗೆ ಮೋಸ ಹೋದವರಿಗೂ 85,000 ಪೌಂಡ್‌ವರೆಗೆ ಬ್ಯಾಂಕುಗಳು ವಾಪಸ್ ಕೊಡಬೇಕು. ಕಳಿಸಿದ ಬ್ಯಾಂಕ್ ಅರ್ಧ, ಕಳ್ಳನ ಖಾತೆ ಇದ್ದ ಬ್ಯಾಂಕ್ ಅರ್ಧ. ವಿಪರೀತ ನಿರ್ಲಕ್ಷ್ಯ ಇದ್ದರೆ ಇಲ್ಲ ಅನ್ನಬಹುದು. ನನಗೆ ಇಷ್ಟವಾದದ್ದು ಆ ಎರಡನೇ ಅರ್ಧ. ಸಿಕ್ಕಸಿಕ್ಕವರಿಗೆ ಖಾತೆ ತೆಗೆದುಕೊಟ್ಟ ಬ್ಯಾಂಕಿಗೂ ಬಿಸಿ ಮುಟ್ಟುತ್ತದೆ.

ನಮ್ಮಲ್ಲೂ ಒಂದು ಒಳ್ಳೆ ಕೆಲಸ ಆಗಿದೆ. ‘ದುಡ್ಡು ಬರೋಕೆ ಪಿನ್ ಬೇಡ, ಪಿನ್ ಒತ್ತಿದರೆ ದುಡ್ಡು ಹೋಗುತ್ತೆ’ ಅಂತ ವರ್ಷಗಟ್ಟಲೆ ಜಾಹೀರಾತು ಕೊಟ್ಟರು. ಆದರೂ ಹಳೇ ಸೋಫಾ ಮಾರಲು ಹೊರಟವರಿಗೆ ‘ಒಪ್ಪಿಗೆ ಒತ್ತಿ, ದುಡ್ಡು ಬರುತ್ತೆ’ ಅನ್ನೋ ಮೋಸ ನಿಲ್ಲಲಿಲ್ಲ. ಕೊನೆಗೆ 2025ರ ಅಕ್ಟೋಬರ್ 1ರಿಂದ ಒಬ್ಬ ವ್ಯಕ್ತಿ ಇನ್ನೊಬ್ಬರಿಂದ ಹಾಗೆ ಹಣ ಕೇಳೋ ಸೌಲಭ್ಯವನ್ನೇ ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ ತೆಗೆದುಹಾಕಿತು. ಅಷ್ಟು ವರ್ಷದ ಉಪದೇಶ ಮಾಡಲಾಗದ್ದನ್ನು ಒಂದು ಬಟನ್ ತೆಗೆದು ಮಾಡಿದರು. ಆ ಬಟನ್ ತೆಗೆಯೋದು ನನ್ನ ನಿಮ್ಮ ಕೈಯಲ್ಲಿ ಇತ್ತಾ?

ಪಿನ್ನೂ ಇಲ್ಲ, ಓಟಿಪಿಯೂ ಇಲ್ಲ, ಬರೀ ಹೆಬ್ಬೆಟ್ಟಲ್ಲಿ ದುಡ್ಡು ಹೋಯ್ತಂತೆ. ನಿಜಾನಾ?

ನಿಜ, ನಮ್ಮ ರಾಜ್ಯದಲ್ಲೇ ಆಗಿದೆ. 2023ರಲ್ಲಿ ಮಂಗಳೂರು, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರ ಖಾತೆಯಿಂದ ಆಧಾರ್ ಆಧಾರಿತ ಪಾವತಿ ಮೂಲಕ ಹಣ ಹೋಯಿತು. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಬೆರಳಚ್ಚು ತಗೊಂಡು ಹಣ ಕೊಡುತ್ತಾರಲ್ಲ, ಅದೇ ವ್ಯವಸ್ಥೆ. ‘ಕಾವೇರಿ’ ಜಾಲತಾಣದಲ್ಲಿದ್ದ ಕ್ರಯಪತ್ರಗಳಿಂದ ಆಧಾರ್ ಸಂಖ್ಯೆ, ಬೆರಳಚ್ಚು ತೆಗೆದು ನಕಲಿ ಹೆಬ್ಬೆಟ್ಟು ಮಾಡಿದ್ದರು ಅನ್ನೋದು ಪೊಲೀಸರು ಕಂಡುಕೊಂಡದ್ದು.

ಇಲ್ಲಿ ಖಾತೆದಾರರು ಮಾಡಿದ ತಪ್ಪಾದರೂ ಏನು? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ‘ಇಲ್ಲಿ ಒತ್ತಿ’ ಅಂದಲ್ಲಿ ಒತ್ತಿದ್ದು. ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆರಳು ಬದಲಿಸೋದು ಹೇಗೆ? ನಿಮ್ಮ ಕೈಲಿರೋದು ಒಂದೇ: ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಬೇಕಾದಾಗ ತೆಗೆದುಕೊಳ್ಳಿ. ಅದು ಮೊದಲಿನಿಂದಲೇ ಲಾಕ್ ಆಗಿ ಬರಬೇಕಿತ್ತು ಅಂತ ನನ್ನ ಅನಿಸಿಕೆ.

### ಕಂಪನಿಯ ಪಾಲು

ನಾನು ಒಳ್ಳೆ ಪಾಸ್‌ವರ್ಡೇ ಇಟ್ಟಿದ್ದೆ. ಅವರ ಕಡೆಯಿಂದಲೇ ಸೋರಿದ್ರೆ?

ಆಗ ಅವರು ಅದನ್ನು ಹೇಗೆ ಇಟ್ಟಿದ್ದರು ಅನ್ನೋದೇ ಎಲ್ಲ. ದೋಸೆ ಹಿಟ್ಟು ರುಬ್ಬಿದ ಮೇಲೆ ಅಕ್ಕಿ, ಉದ್ದು ಬೇರೆ ಮಾಡೋಕಾಗಲ್ಲ ಅಲ್ವಾ? ಪಾಸ್‌ವರ್ಡನ್ನೂ ಹಾಗೆ ರುಬ್ಬಿ ಇಡಬೇಕು. ಅದಕ್ಕೆ ಹ್ಯಾಶ್ ಅಂತಾರೆ. ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಉಪ್ಪು ಬೆರೆಸಬೇಕು, ಅಂದರೆ ಅಡ್ಡಾದಿಡ್ಡಿ ಆರಿಸಿದ ಒಂದಿಷ್ಟು ಅಕ್ಷರ. ಆಗ ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೂ ರುಬ್ಬಿದ ಮೇಲೆ ಒಂದೇ ಥರ ಕಾಣಲ್ಲ. ತಮಾಷೆ ಅಲ್ಲ, ಇಂಗ್ಲಿಷಿನಲ್ಲೂ ಅದನ್ನು ಸಾಲ್ಟ್ ಅಂತಲೇ ಕರೆಯೋದು.

2009ರಲ್ಲಿ ರಾಕ್‌ಯೂ ಅನ್ನೋ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಹೋದವು. ಅವು ರುಬ್ಬದ ಅಕ್ಕಿ, ಹಾಗೇ ಓದಬಹುದಿತ್ತು. 2012ರಲ್ಲಿ ಲಿಂಕ್ಡ್‌ಇನ್‌ನವರು ರುಬ್ಬಿದ್ದರು, ಉಪ್ಪು ಹಾಕಿರಲಿಲ್ಲ. ಮೊದಲು 65 ಲಕ್ಷ ಅಂದರು, 2016ರಲ್ಲಿ ನೋಡಿದರೆ 11.7 ಕೋಟಿ. 2013ರ ಅಡೋಬಿ ಸೋರಿಕೆಯಲ್ಲಿ ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲ ಕಡತದಲ್ಲೂ ಒಂದೇ ಥರ ಕಾಣುತ್ತಿದ್ದರು. ಜೊತೆಗೆ ಅವರವರು ಬರೆದುಕೊಂಡ ಸುಳಿವು ಪಕ್ಕದಲ್ಲೇ ಇತ್ತು. ಪದಬಂಧ ಬಿಡಿಸಿದ ಹಾಗೆ ಬಿಡಿಸಿದರು.

ನೀವೂ ಒಂದು ಪರೀಕ್ಷೆ ಮಾಡಬಹುದು. ‘ಪಾಸ್‌ವರ್ಡ್ ಮರೆತಿದ್ದೇನೆ’ ಅಂತ ಒತ್ತಿದಾಗ ನಿಮ್ಮ ಹಳೇ ಪಾಸ್‌ವರ್ಡನ್ನೇ ಮೇಲ್ ಮಾಡಿದರೆ ಅವರು ರುಬ್ಬಿಲ್ಲ ಅಂತ ಅರ್ಥ. ಅಂಥ ಸೈಟಿಗೆ ಕೈ ಮುಗಿದು ಹೊರಟುಬಿಡಿ.

‘ಗ್ರಾಹಕರದೇ ತಪ್ಪು’ ಅಂತ ಒಂದು ಕಂಪನಿ ಪತ್ರಾನೇ ಬರೆದಿತ್ತಂತೆ?

23ಅಂಡ್‌ಮೀ, ಅಮೆರಿಕದ ಡಿಎನ್‌ಎ ಪರೀಕ್ಷೆ ಕಂಪನಿ. ಉಗುಳು ಕಳಿಸಿದರೆ ವಂಶ, ನೆಂಟರು ಎಲ್ಲ ಹೇಳುತ್ತಿತ್ತು. 2023ರಲ್ಲಿ ಬೇರೆ ಕಡೆ ಸೋರಿದ ಪಾಸ್‌ವರ್ಡ್ ಹಾಕಿ ಸುಮಾರು 14,000 ಖಾತೆಗಳಿಗೆ ನುಗ್ಗಿದರು. ಅಲ್ಲಿಂದ ‘ನಿಮ್ಮ ನೆಂಟರು’ ಸೌಲಭ್ಯದ ಮೂಲಕ 69 ಲಕ್ಷ ಜನರ ಮಾಹಿತಿ ಬಾಚಿದರು. ಸಂತ್ರಸ್ತರ ವಕೀಲರಿಗೆ ಕಂಪನಿಯ ಕಡೆಯವರು ಬರೆದ ಉತ್ತರದ ಸಾರ: ಗ್ರಾಹಕರು ಹಳೇ ಪಾಸ್‌ವರ್ಡನ್ನೇ ಮತ್ತೆ ಬಳಸಿದ್ದಾರೆ, ಬದಲಿಸಿಲ್ಲ, ಇದು ಅವರ ನಿರ್ಲಕ್ಷ್ಯ.

ಲೆಕ್ಕ ಹಾಕಿ ನೋಡಿ. 14,000 ಜನ ನಿರ್ಲಕ್ಷ್ಯ ಮಾಡಿದರು ಅಂತಲೇ ಇಟ್ಟುಕೊಳ್ಳೋಣ. ಉಳಿದ 68 ಲಕ್ಷಕ್ಕೂ ಹೆಚ್ಚು ಜನ ಏನು ಮಾಡಿದ್ದರು? ಯಾರೋ ದೂರದ ನೆಂಟನ ಪಾಸ್‌ವರ್ಡ್ ಸಡಿಲ ಇದ್ದದ್ದಕ್ಕೆ ಇವರ ಮಾಹಿತಿ ಹೋಯಿತು. ನುಗ್ಗಾಟ ಐದು ತಿಂಗಳು ನಡೆದರೂ ಕಾವಲುಗಾರ ಏಳಲಿಲ್ಲ. ಪಾಸ್‌ವರ್ಡ್ ಆದ ಮೇಲೆ ಕೋಡ್ ಕೂಡ ಕೇಳೋ ಎರಡನೇ ಹಂತದ ಪರಿಶೀಲನೆಯನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದು ಇಷ್ಟೆಲ್ಲ ಆದ ಮೇಲೆ, 2023ರ ನವೆಂಬರ್‌ನಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. 2025ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 23.1 ಲಕ್ಷ ಪೌಂಡ್ ದಂಡ ಹಾಕಿತು. ಅಷ್ಟರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿಯಾಗಿತ್ತು.

ಹಳೇ ನಂಬರ್ ಬಿಟ್ಟೆ, ಈಗ ನನ್ನ ಖಾತೆಗೇ ನನ್ನನ್ನ ಬಿಡ್ತಿಲ್ಲ. ಇದೆಂಥ ಭದ್ರತೆ?

ಇದು ನನಗೂ ಆಗಿದೆ. ಕಾಲೇಜು ಕಾಲದ ಒಂದು ಇಮೇಲ್ ಖಾತೆ. ಪಾಸ್‌ವರ್ಡ್ ಸರಿಯಾಗೇ ಹಾಕಿದೆ. ‘ಹೊಸ ಫೋನಿನಿಂದ ಬಂದಿದ್ದೀರಿ, 47ರಲ್ಲಿ ಕೊನೆಯಾಗುವ ನಂಬರಿಗೆ ಕೋಡ್ ಕಳಿಸಿದ್ದೇವೆ’ ಅಂತು. ಆ ಸಿಮ್ ಬಿಟ್ಟು ಆರು ವರ್ಷ ಆಗಿತ್ತು. ಆ ನಂಬರಿಗೇ ಫೋನ್ ಮಾಡಿದೆ. ಒಬ್ಬ ಹೆಂಗಸು ತೆಗೆದರು, ಹಿಂದೆ ಮಿಕ್ಸಿ ಸದ್ದು. ‘ನಿಮಗೆ ಈಗ ಒಂದು ಕೋಡ್ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ’ ಅಂತ ಕೇಳೋಕೆ ಬಾಯಿ ತೆಗೆದೆ. ಕಳ್ಳರು ಆಡೋ ಮಾತೂ ಅಕ್ಷರಕ್ಷರ ಇದೇ ಅಲ್ವಾ! ರಾಂಗ್ ನಂಬರ್ ಅಂತ ಹೇಳಿ ಇಟ್ಟೆ. ಆ ಖಾತೆ ಇವತ್ತಿಗೂ ಸಿಕ್ಕಿಲ್ಲ. ಅದರಲ್ಲಿ ಅಜ್ಜಿಯ ಕೊನೆಯ ಫೋಟೋಗಳಿದ್ದವು.

ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ. ಮೊಬೈಲ್ ನಂಬರ್ ಅನ್ನೋದು ಬಾಡಿಗೆ ಮನೆ, ಕಂಪನಿಗಳು ಅದನ್ನು ಸ್ವಂತ ಮನೆ ವಿಳಾಸ ಅಂತ ಹಿಡಿದುಕೊಂಡಿವೆ. ಸಿಮ್ ಬಿಡೋ ಮುಂಚೆ ಬ್ಯಾಂಕ್, ಇಮೇಲ್, ಆಧಾರ್, ಈ ಮೂರರಲ್ಲಿ ಮೊದಲು ನಂಬರ್ ಬದಲಿಸಿ. ಫೋನ್ ಇಲ್ಲದೆಯೂ ಖಾತೆ ತೆಗೆಯೋಕೆ ಬರೋ ರಿಕವರಿ ಕೋಡ್ ಕೊಟ್ಟರೆ ಮುದ್ರಿಸಿ ಪಾಸ್‌ಬುಕ್ ಜೊತೆ ಇಡಿ. ನಾನು ಇಟ್ಟಿರಲಿಲ್ಲ, ಅಷ್ಟು ತಪ್ಪು ನನ್ನದು.

ನಮ್ಮ ಕಾನೂನಲ್ಲಿ ಕಂಪನಿಗೆ ಏನೂ ಶಿಕ್ಷೆ ಇಲ್ವಾ?

ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಸರಿಯಾದ ಭದ್ರತೆ ಇಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಸೋರಿಕೆ ಆದರೆ ಈ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು, ನಿಮಗೂ ತಿಳಿಸಬೇಕು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ.

250 ಕೋಟಿ ಅಂದ ಕೂಡಲೇ ಹಿಗ್ಗಬೇಡಿ. ಆ ದಂಡ ಹೋಗೋದು ಭಾರತದ ಸಂಚಿತ ನಿಧಿಗೆ, ಮಾಹಿತಿ ಕಳೆದುಕೊಂಡ ನಿಮಗೆ ನಯಾಪೈಸೆ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಲ್ಲಿ ಪರಿಹಾರ ಕೇಳೋ ದಾರಿ ಇತ್ತು, ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಅದೂ ಹೋಗುತ್ತದೆ. ಬಳಕೆದಾರರ ಕರ್ತವ್ಯದ ಪಟ್ಟಿಯೂ ಇದರಲ್ಲಿದೆ, ತಪ್ಪಿದರೆ 10,000 ರೂಪಾಯಿವರೆಗೆ ದಂಡ. ಸುಳ್ಳು ದೂರು ಕೊಡಬಾರದು, ಬೇರೆಯವರ ವೇಷ ಹಾಕಬಾರದು ಅಂತೆಲ್ಲ ಇದೆ. ಸಡಿಲ ಪಾಸ್‌ವರ್ಡ್ ಇಡೋದು ಅಪರಾಧ ಅಂತ ಎಲ್ಲೂ ಇಲ್ಲ. ಕಾಲ್ ಸೆಂಟರಿನವರು ಹೆದರಿಸಿದರೆ ಇದನ್ನು ನೆನಪು ಮಾಡಿಕೊಳ್ಳಿ.

ಪಾಸ್‌ಕೀ ಅಂತ ಬಂದಿದೆಯಲ್ಲ, ಅದರಿಂದ ಈ ಜಗಳ ಮುಗಿಯುತ್ತಾ?

ಒಂದು ಭಾಗ ಮುಗಿಯುತ್ತದೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂವರೂ 2022ರಲ್ಲಿ ಇದಕ್ಕೆ ಕೈಜೋಡಿಸಿದರು. ಪಾಸ್‌ಕೀಯಲ್ಲಿ ನೀವು ಟೈಪ್ ಮಾಡೋ ಗುಟ್ಟೇ ಇಲ್ಲ. ಗುಟ್ಟು ನಿಮ್ಮ ಫೋನಿನಲ್ಲಿ ಇರುತ್ತದೆ, ನಿಜವಾದ ಸೈಟಿಗೆ ಮಾತ್ರ ಉತ್ತರ ಕೊಡುತ್ತದೆ. ನಕಲಿ ಸೈಟ್ ಎಷ್ಟೇ ಚೆನ್ನಾಗಿದ್ದರೂ ಫೋನ್ ಬಾಯಿ ಬಿಡಲ್ಲ. ಟ್ರಾಯ್ ಹಂಟ್ ಅವತ್ತು ಪಾಸ್‌ಕೀ ಬಳಸಿದ್ದರೆ ಸುಸ್ತಾಗಿದ್ದರೂ ಬಚಾವಾಗುತ್ತಿದ್ದರು.

ಮುಗಿಯದ ಭಾಗ ಫೋನ್ ಕಳೆದಾಗಿನದು. ಆಗ ಮತ್ತೆ ‘ನೀವು ನೀವೇ ಅಂತ ಹೇಗೆ ನಂಬೋದು’ ಅನ್ನೋ ಹಳೇ ಪ್ರಶ್ನೆ. ನನ್ನ ಮಿಕ್ಸಿ ಸದ್ದಿನ ಕಥೆಗೆ ವಾಪಸ್ ಬಂದ ಹಾಗೆ.

ನಾನು ಇಂಜಿನಿಯರಿಂಗ್ ಹುಡುಗ. ನಮ್ಮೂರ ಹಾಲಿನ ಡೈರಿಗೆ ಒಂದು ಆಪ್ ಮಾಡ್ತಿದ್ದೀನಿ. ನನ್ನ ಹೊಣೆ ಎಷ್ಟು?

ಈ ಪಟ್ಟಿಯಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ ಇದು. ಈಗ ನೀನೇ ಕಂಪನಿ ಕಣಪ್ಪ.

ಬೇಡದ ಮಾಹಿತಿ ಕೇಳಬೇಡ. ಹಾಲಿನ ಲೆಕ್ಕಕ್ಕೆ ಆಧಾರ್ ಯಾಕೆ? ನಿನ್ನ ಹತ್ತಿರ ಇಲ್ಲದ್ದನ್ನು ಯಾರೂ ಕದಿಯೋಕಾಗಲ್ಲ. ಪಾಸ್‌ವರ್ಡ್ ಇಡಲೇಬೇಕಾದರೆ ರುಬ್ಬೋಕೆ ಅಂತಲೇ ಇರೋ ಆರ್ಗಾನ್‌2 ಅಥವಾ ಬಿಕ್ರಿಪ್ಟ್ ವಿಧಾನ ಬಳಸು, ಸ್ವಂತ ಬುದ್ಧಿ ಉಪಯೋಗಿಸಿ ಹೊಸದು ಕಂಡುಹಿಡಿಯಬೇಡ. ತಪ್ಪು ಪಾಸ್‌ವರ್ಡ್ ಇಪ್ಪತ್ತು ಸಲ ಬಂದರೆ ತಡೆ. ಎಲ್ಲರಿಗೂ 1234 ಅಂತ ಒಂದೇ ಆರಂಭದ ಪಿನ್ ಕೊಟ್ಟು ‘ಆಮೇಲೆ ಬದಲಿಸಿಕೊಳ್ಳಿ’ ಅನ್ನಬೇಡ, ಯಾರೂ ಬದಲಿಸಲ್ಲ. 2016ರಲ್ಲಿ ಮಿರಾಯ್ ಅನ್ನೋ ಪ್ರೋಗ್ರಾಂ ಅಂಥ ಬದಲಿಸದ ಪಾಸ್‌ವರ್ಡುಗಳನ್ನೇ ಹಾಕಿ ಲಕ್ಷಗಟ್ಟಲೆ ಕ್ಯಾಮೆರಾ, ರೌಟರ್‌ಗಳನ್ನು ವಶ ಮಾಡಿಕೊಂಡಿತ್ತು. 2024ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ಹಾಗೆ ಸುಲಭಕ್ಕೆ ಊಹಿಸಬಹುದಾದ ಪಾಸ್‌ವರ್ಡ್ ಇಟ್ಟು ಉಪಕರಣ ಮಾರೋದೇ ಕಾನೂನು ಬಾಹಿರ.

ಕೊನೆಯದಾಗಿ, ‘ಪಿನ್ ಮರೆತಿದ್ದೇನೆ’ ಪುಟವನ್ನು ಎಲ್ಲ ಮುಗಿದ ಮೇಲೆ ಅರ್ಧ ಗಂಟೆಯಲ್ಲಿ ಬರೆದು ಬಿಸಾಕಬೇಡ. ಮೊದಲು ಬರಿ. ಬರೆದಾದ ಮೇಲೆ ಬೆಳಗ್ಗೆ ಐದೂವರೆಗೆ ಡೈರಿ ಹತ್ತಿರ ಹೋಗು. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ಯಾರಾದರೂ ಅಜ್ಜಿಯ ಕೈಗೆ ಫೋನ್ ಕೊಟ್ಟು ‘ಪಿನ್ ಮರೆತುಹೋಗಿದೆ ಅಂದ್ಕೊಳ್ಳಿ’ ಅಂತ ಹೇಳು. ಆಮೇಲೆ ಬಾಯಿ ಮುಚ್ಚಿಕೊಂಡು ಸುಮ್ನೆ ನೋಡ್ತಾ ನಿಲ್ಲು.